ತಂತಿ ಎಷ್ಟು ತಾಳುತ್ತದೆ?

ಪಾವಗಡದಿಂದ ವಾಪಸ್ ಬರುವಾಗ ಒಂದು ಮೇ ತಿಂಗಳ ಮಧ್ಯಾಹ್ನ ಹುಣಸೆ ಮರದ ನೆರಳು ಕಂಡು ಕಾರು ನಿಲ್ಲಿಸಿದ್ದೆ. ಎದುರಿಗೆ ಉತ್ತು ಬಿಟ್ಟ ಶೇಂಗಾ ಹೊಲ, ಅದರ ಮೇಲೆ ಸೋಲಾರ್ ಪಾರ್ಕಿನ ಕಡೆಯಿಂದ ಬಂದ ಹೈಟೆನ್ಷನ್ ಲೈನು. ಎರಡು ಟವರುಗಳ ನಡುವೆ ತಂತಿಗಳು ತೊಟ್ಟಿಲ ಹಗ್ಗದಂತೆ ಜೋತು ಬಿದ್ದಿದ್ದವು. ಮರದ ಕೆಳಗೆ ಮೊದಲೇ ಕೂತಿದ್ದ, ಕುರಿ ಕಾಯುವ ಯಜಮಾನರು ನಾನು ಮೇಲೆ ನೋಡುತ್ತಿರುವುದನ್ನು ಗಮನಿಸಿ ಹೇಳಿದರು: “ಚಳಿಗಾಲ್ದಾಗೆ ನೋಡ್ಬೇಕು ಸಾ, ಬಿಗಿಯಾಗಿ ನಿಂತಿರ್ತವೆ. ಬ್ಯಾಸ್ಗೇಲಿ ಇಂಗೆ ಕೆಳಕ್ಕಿಳೀತವೆ. ಮಳೆ ಹನಿ ಬಿದ್ರೆ ಜೇನ್ನೊಣದಂಗೆ ಗುಂಯ್ ಅಂತವೆ.”

ಎಂಜಿನಿಯರುಗಳು ‘ಸ್ಯಾಗ್’ ಎಂದು ಕರೆಯುವುದು ಇದನ್ನೇ. ಬಿಸಿಲಿಗೂ ತನ್ನೊಳಗೆ ಹರಿಯುವ ಕರೆಂಟಿಗೂ ಕಾದು ತಂತಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ನೆಲದ ಕಡೆಗೆ ಬರುತ್ತದೆ. 400 ಕೆ.ವಿ. ಲೈನಾದರೆ ಅದರ ಅತಿ ಕೆಳಗಿನ ಬಿಂದು ನೆಲದಿಂದ ಸುಮಾರು 8.8 ಮೀಟರ್ ಮೇಲೆ ಇರಲೇಬೇಕು. ಅಂದರೆ ಎಷ್ಟೋ ಲೈನುಗಳ ಸಾಮರ್ಥ್ಯವನ್ನು ನಿರ್ಧರಿಸುವುದು ಅವುಗಳ ಕೆಳಗೆ ಓಡಾಡುವ ಟ್ರ್ಯಾಕ್ಟರು, ಹುಲ್ಲಿನ ಗಾಡಿ, ಬೆಳೆದು ನಿಂತ ಮರ. ತಂತಿ ಕರಗುವ ಮಾತು ಆಮೇಲಿನದು.

2024ರ ಬೇಸಿಗೆಯಲ್ಲಿ ಕರ್ನಾಟಕದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ರಾಷ್ಟ್ರೀಯ ವಿದ್ಯುತ್ ಯೋಜನೆಯ ಪ್ರಸರಣ ಸಂಪುಟ, 2032ರೊಳಗೆ ದೇಶದ ಪ್ರಸರಣ ಜಾಲಕ್ಕೆ 9.15 ಲಕ್ಷ ಕೋಟಿ ರೂಪಾಯಿ ಬೇಕು ಎಂದು ಲೆಕ್ಕ ಕೊಟ್ಟಿತು. ಇಷ್ಟು ದುಡ್ಡು ಸುರಿಯುವುದು ಸರಿಯೇ, ಇರುವ ಜಾಲದಿಂದಲೇ ಇನ್ನಷ್ಟು ತೆಗೆಯಬಹುದಲ್ಲವೇ, ಅಷ್ಟಕ್ಕೂ ಕರೆಂಟನ್ನು ಅಷ್ಟು ದೂರ ಸಾಗಿಸುವ ಅಗತ್ಯವಾದರೂ ಏನು ಎಂಬ ವಾದಗಳು ನಡೆಯುತ್ತಲೇ ಇವೆ. ಈ ವಾದಗಳನ್ನು ಹಲವು ವರ್ಷ ಕೇಳಿದ ಮೇಲೆ ನನಗನ್ನಿಸಿದ್ದು ಇಷ್ಟು: ‘ಸಾಮರ್ಥ್ಯ’ ಎಂಬ ಪದವನ್ನು ಎಲ್ಲರೂ ಬಳಸುತ್ತಾರೆ, ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿರುವುದು ಒಂದೊಂದು ಮಿತಿ. ಜಗಳದ ಅರ್ಧ ಭಾಗ ಅಲ್ಲೇ ಹುಟ್ಟುತ್ತದೆ.

ಶಿವನಸಮುದ್ರದಿಂದ ಸೊಲ್ಲಾಪುರದವರೆಗೆ

ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿ.ಮೀ. ದೂರ ಮೂರು ಫೇಸಿನ ವಿದ್ಯುತ್ ಹರಿಸಿ ತೋರಿಸಿದ್ದು 1891ರಲ್ಲಿ. ಅದಾಗಿ ಹನ್ನೊಂದೇ ವರ್ಷಕ್ಕೆ, 1902ರ ಜೂನ್ 30ರಂದು, ಶಿವನಸಮುದ್ರದ ಕಾವೇರಿಯ ಕರೆಂಟು ಕೋಲಾರದ ಚಿನ್ನದ ಗಣಿ ತಲುಪಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಬೆನ್ನು ಹತ್ತಿ ಮಾಡಿಸಿದ ಕೆಲಸ ಅದು. 147 ಕಿ.ಮೀ. ಉದ್ದದ ಆ ಲೈನು ಆಗ ಜಗತ್ತಿನ ಅತಿ ಉದ್ದದವುಗಳ ಸಾಲಿನಲ್ಲಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಮೊದಲು ಗಣಿ, ಆಮೇಲೆ ಊರು. ಲೈನನ್ನು ಯಾರಿಗಾಗಿ ಎಳೆಯುತ್ತೇವೆ ಎಂಬ ಪ್ರಶ್ನೆ ನಮ್ಮಲ್ಲಿ ಮೊದಲ ಕಂಬದಷ್ಟೇ ಹಳೆಯದು.

ಆಗ ಲೆಕ್ಕ ಸುಲಭವಾಗಿತ್ತು. ಒಂದು ಜಲಪಾತ, ಒಬ್ಬ ಗಿರಾಕಿ, ನಡುವೆ ತಂತಿ. 1948ರಲ್ಲಿ ಜೋಗ, 60ರ ದಶಕದಲ್ಲಿ ಶರಾವತಿ ಬಂದ ಮೇಲೂ ನಕ್ಷೆ ಹೆಚ್ಚು ಬದಲಾಗಲಿಲ್ಲ. ಘಟ್ಟದಲ್ಲಿ ಹುಟ್ಟಿದ ಕರೆಂಟು ಪೂರ್ವಕ್ಕೆ ಹರಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್. 1985ರಲ್ಲಿ ರಾಯಚೂರಿನ ಉಷ್ಣ ಸ್ಥಾವರ ಶುರುವಾದಾಗಲೇ ರಾಜ್ಯದ ಜಾಲಕ್ಕೆ ಎದುರು ದಿಕ್ಕಿನಿಂದಲೂ ದೊಡ್ಡ ಹರಿವು ಸಿಕ್ಕಿದ್ದು. ಅಷ್ಟರಲ್ಲಿ ದೇಶ ಐದು ಪ್ರಾದೇಶಿಕ ಗ್ರಿಡ್‌ಗಳಾಗಿ ಹಂಚಿಹೋಗಿತ್ತು. ಅವುಗಳನ್ನು ಹೊಲಿಯುವ ಕೆಲಸ 1989ರಲ್ಲಿ ಹುಟ್ಟಿದ ಪವರ್‌ಗ್ರಿಡ್ ಸಂಸ್ಥೆಯ ಪಾಲಿಗೆ ಬಂತು.

ಕೋಲಾರದ ಹೆಸರು ಮತ್ತೊಮ್ಮೆ ಬರುವುದು ಇಲ್ಲಿ. 2001ರ ಫೆಬ್ರುವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ಅದರ ಬೆನ್ನಿಗೇ, 2003ರ ಹೊತ್ತಿಗೆ, ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಸುಮಾರು 1,370 ಕಿ.ಮೀ. ಉದ್ದದ ಹೈವೋಲ್ಟೇಜ್ ಡಿ.ಸಿ. ಲೈನು ಚಾಲೂ ಆಯಿತು. 2,000 ಮೆಗಾವ್ಯಾಟ್ ಹೊರುವಂತೆ ಕಟ್ಟಿದ ಅದನ್ನು ಮುಂದೆ 2,500ಕ್ಕೆ ಏರಿಸಿದರು. ನೂರು ವರ್ಷದ ಹಿಂದೆ ಕಾವೇರಿಯಿಂದ ಕರೆಂಟು ತರಿಸಿಕೊಂಡ ಸೀಮೆ ಈಗ ಒಡಿಶಾದ ಕಲ್ಲಿದ್ದಲಿನ ಕರೆಂಟನ್ನು ಇಳಿಸಿಕೊಂಡು ದಕ್ಷಿಣಕ್ಕೆಲ್ಲ ಹಂಚುವ ಜಾಗವಾಯಿತು.

ಡಿ.ಸಿ. ಯಾಕೆ? ಎ.ಸಿ. ಲೈನಿನಿಂದ ಎರಡು ಗ್ರಿಡ್ ಜೋಡಿಸಿದರೆ ಎರಡರ ಜನರೇಟರುಗಳೂ ಒಂದೇ ತಾಳಕ್ಕೆ ಕುಣಿಯಬೇಕು. ಡಿ.ಸಿ. ಲೈನಿಗೆ ಆ ಹಂಗಿಲ್ಲ. ಹೇಳಿದಷ್ಟು ಕರೆಂಟು ದಾಟಿಸುತ್ತದೆ, ಆ ಬದಿಯ ರೋಗ ಈ ಬದಿಗೆ ಬಾರದಂತೆ ತಡೆಯುತ್ತದೆ. 2012ರ ಜುಲೈ 30ರ ನಸುಕಿನ 2.33ಕ್ಕೆ ಉತ್ತರದ ಗ್ರಿಡ್ ಇಡಿಯಾಗಿ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದು, ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶಕ್ಕೆ ಕತ್ತಲಾಯಿತು. ಆ ಎರಡೂ ದಿನ ದಕ್ಷಿಣದಲ್ಲಿ ನಾವು ಫ್ಯಾನ್ ಹಾಕಿಕೊಂಡು ಟಿವಿಯಲ್ಲಿ ಆ ಸುದ್ದಿ ನೋಡಿದೆವು.

ಅದಾಗಿ ಒಂದೂವರೆ ವರ್ಷಕ್ಕೆ, 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆ.ವಿ. ಎ.ಸಿ. ಲೈನಿನ ಮೂಲಕ ದಕ್ಷಿಣವನ್ನೂ ರಾಷ್ಟ್ರೀಯ ಗ್ರಿಡ್‌ಗೆ ಬೆಸೆದರು. ಇದನ್ನು ಧೈರ್ಯ ಎನ್ನಬೇಕೋ ದುಡುಕು ಎನ್ನಬೇಕೋ ಎಂದು ಆಗ ಚರ್ಚೆ ನಡೆದಿತ್ತು. ನಮ್ಮ ಸರಣಿ ಕೆರೆಗಳನ್ನು ನೆನೆಸಿಕೊಂಡರೆ ಈ ಚರ್ಚೆ ಅರ್ಥವಾಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತದೆ, ಬರಗಾಲದಲ್ಲಿ ಆ ನಂಟೇ ಊರನ್ನು ಉಳಿಸುತ್ತದೆ. ಆದರೆ ಮೇಲಿನ ಕೆರೆಯ ಏರಿ ಒಡೆದ ರಾತ್ರಿ ಕೆಳಗಿನ ಏರಿಗಳೂ ಒಂದೊಂದಾಗಿ ಒಡೆಯುತ್ತವೆ. ಬೆಸೆದ ಗ್ರಿಡ್ಡಿನ ಲಾಭ, ಅಪಾಯ ಎರಡೂ ಇದೇ ಬಗೆಯವು.

ಮಿತಿ ಒಂದಲ್ಲ, ಮೂರು

ಲೈನ್ ಎಷ್ಟು ಹೊರುತ್ತದೆ ಎಂಬುದಕ್ಕೆ ಮೊದಲ ಮಿತಿ ಶಾಖದ್ದು, ಯಜಮಾನರು ಹೇಳಿದ್ದು. ಎಂಬತ್ತು ಕಿ.ಮೀ. ಒಳಗಿನ ಲೈನುಗಳನ್ನು ಸಾಮಾನ್ಯವಾಗಿ ಕಟ್ಟಿಹಾಕುವುದು ಇದೇ. ಎರಡನೆಯದು ವೋಲ್ಟೇಜಿನ ಮಿತಿ. ಫೀಡರಿನ ಕೊನೆಯ ಊರಿನಲ್ಲಿ ಸಂಜೆ ಮೋಟಾರು ಹಾಕಿದರೆ ಬರೀ ಗೊರಗುಟ್ಟುತ್ತದೆ, ತಿರುಗುವುದಿಲ್ಲ. ರೈತರಿಗೆಲ್ಲ ಗೊತ್ತಿರುವ ಈ ಕಾಟವೇ ದೊಡ್ಡ ಪ್ರಮಾಣದಲ್ಲಿ ನೂರಾರು ಕಿ.ಮೀ. ಲೈನುಗಳಿಗೂ ತಟ್ಟುತ್ತದೆ. ತಂತಿ ತಣ್ಣಗೇ ಇರುತ್ತದೆ, ಆದರೆ ಆ ತುದಿಯಲ್ಲಿ ವೋಲ್ಟೇಜು ನಿಲ್ಲುವುದಿಲ್ಲ. ಮೂರನೆಯದು ಸ್ಥಿರತೆಯ ಮಿತಿ. ಲೈನು ತೀರ ಉದ್ದವಾಗಿ ಹೊರೆ ಹೆಚ್ಚಾದರೆ ಎರಡು ತುದಿಯ ಜನರೇಟರುಗಳ ಜೊತೆತನವೇ ತಪ್ಪಿಹೋಗುತ್ತದೆ.

ಅಮೆರಿಕದ ಎಂಜಿನಿಯರ್ ಸೇಂಟ್ ಕ್ಲೇರ್ 1953ರಲ್ಲಿ ಈ ಮೂರನ್ನೂ ಒಂದೇ ಗೆರೆಯಲ್ಲಿ ಬರೆದು ತೋರಿಸಿದರು. ಲೈನು ಉದ್ದವಾದಂತೆಲ್ಲ ಅದು ಹೊರಬಲ್ಲ ಭಾರ ಇಳಿಯುತ್ತ ಹೋಗುತ್ತದೆ. ವೋಲ್ಟೇಜು ಏರಿಸಿದರೆ ಮಾತ್ರ ದೊಡ್ಡ ಜಿಗಿತ ಸಿಗುತ್ತದೆ. 220 ಕೆ.ವಿ. ಲೈನು ತನ್ನ ಸಹಜ ಸ್ಥಿತಿಯಲ್ಲಿ ಹೊರುವುದು ಸುಮಾರು 130 ಮೆಗಾವ್ಯಾಟ್, 400 ಕೆ.ವಿ. ಲೈನು 500ರ ಆಸುಪಾಸು, 765 ಕೆ.ವಿ. ಲೈನು 2,200ರ ಹತ್ತಿರ.

ಇದರ ಮೇಲೆ ಒಂದು ಶಿಸ್ತು ಬೇರೆ ಇದೆ. ಜಾಲದ ಯಾವುದೇ ಒಂದು ಲೈನು ಟ್ರಿಪ್ ಆದರೂ ಉಳಿದವು ಆ ಹೊರೆಯನ್ನು ತಾಳಿಕೊಳ್ಳಬೇಕು. ಎಂಜಿನಿಯರುಗಳ ಬಾಯಲ್ಲಿ ಇದು ‘ಎನ್ ಮೈನಸ್ ಒನ್’. ಗಾಡಿಯ ಒಂದು ಎತ್ತು ನಡುದಾರಿಯಲ್ಲಿ ಕುಸಿದರೆ ಇನ್ನೊಂದೇ ಮನೆ ಮುಟ್ಟಿಸುವಷ್ಟು ಮಾತ್ರ ಹೇರಬೇಕು ಎಂಬ ಹಾಗೆ. ಆದ್ದರಿಂದ ಒಳ್ಳೆಯ ಗ್ರಿಡ್ಡಿನಲ್ಲಿ ಲೈನುಗಳು ಅರ್ಧ ಖಾಲಿ ಓಡುವಂತೆ ಕಾಣುತ್ತವೆ. ‘ಅರ್ಧ ಖಾಲಿ ಇದೆ, ಹೊಸದು ಯಾಕೆ’ ಎಂದು ಪತ್ರಿಕೆಗಳಲ್ಲಿ ಬರೆಯುವವರು ಈ ಎರಡನೇ ಎತ್ತನ್ನು ಮರೆತಿರುತ್ತಾರೆ. ‘ಎಲ್ಲ ಭರ್ತಿಯಾಗಿದೆ, ಹೊಸದು ಬೇಕೇ ಬೇಕು’ ಎನ್ನುವವರು ಮೂರರಲ್ಲಿ ಯಾವ ಮಿತಿ ಭರ್ತಿಯಾಗಿದೆ ಎಂದು ಹೇಳುವುದಿಲ್ಲ.

ಲೈನ್ ಎಳೆಯಿರಿ ಎನ್ನುವವರು

ವಾದ ಮಾಡುವವರಲ್ಲಿ ನಾಲ್ಕು ಪಂಥಗಳಿವೆ. ಮೊದಲ ಪಂಥದ ವಾದ ನೇರ. ಬಿಸಿಲು ರಾಜಸ್ಥಾನದಲ್ಲಿ, ಗಾಳಿ ಚಿತ್ರದುರ್ಗ, ಗದಗಿನ ಗುಡ್ಡಗಳಲ್ಲಿ, ಬೇಡಿಕೆ ನಗರಗಳಲ್ಲಿ. ದೂರ ಇದ್ದೇ ಇದೆ, ಆದ್ದರಿಂದ ದೊಡ್ಡ ವೋಲ್ಟೇಜಿನ ದೊಡ್ಡ ದಾರಿ ಕಟ್ಟಿ. ಚೀನಾ ಚಾಂಗ್‌ಜಿಯಿಂದ ಗುಚ್ವಾನ್‌ವರೆಗೆ 1,100 ಕೆ.ವಿ. ಡಿ.ಸಿ. ಲೈನನ್ನು ಸುಮಾರು 3,300 ಕಿ.ಮೀ. ಎಳೆದು 12,000 ಮೆಗಾವ್ಯಾಟ್ ಸಾಗಿಸುವಂತೆ ಮಾಡಿದೆ. ನಮ್ಮಲ್ಲಿ ಛತ್ತೀಸಗಢದ ರಾಯಗಢದಿಂದ ತಮಿಳುನಾಡಿನ ಪುಗಲೂರಿಗೆ 800 ಕೆ.ವಿ. ಡಿ.ಸಿ. ಲೈನು 6,000 ಮೆಗಾವ್ಯಾಟ್ ತರಬಲ್ಲದು. ಜಮೀನಿನ ಲೆಕ್ಕವೂ ಇವರ ಪರವಾಗಿಯೇ ಇದೆ. 400 ಕೆ.ವಿ. ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು, 765 ಕೆ.ವಿ.ಗೆ ಸುಮಾರು 67. ಅಗಲ ಒಂದೂವರೆ ಪಟ್ಟು, ಹೊರುವುದು ನಾಲ್ಕು ಪಟ್ಟು.

ಇವರ ಬಲವಾದ ಸಾಕ್ಷಿ ಟೆಕ್ಸಸ್. ಪವನ ಯಂತ್ರದವರು ‘ಲೈನ್ ಬಂದರೆ ಕಟ್ಟುತ್ತೇವೆ’ ಎಂದರೆ ಲೈನಿನವರು ‘ನೀವು ಕಟ್ಟಿದರೆ ಎಳೆಯುತ್ತೇವೆ’ ಎನ್ನುವ ಗಂಟನ್ನು ಅಲ್ಲಿ 2008ರಲ್ಲಿ ಸರ್ಕಾರವೇ ಬಿಚ್ಚಿತು. ಗಾಳಿ ಹೆಚ್ಚಿರುವ ವಲಯಗಳನ್ನು ಗುರುತಿಸಿ, ಗಿರಾಕಿ ಬರುವ ಮೊದಲೇ ಸುಮಾರು 7 ಶತಕೋಟಿ ಡಾಲರ್ ವೆಚ್ಚದಲ್ಲಿ 3,600 ಮೈಲಿ ಲೈನು ಎಳೆಸಿತು. 2014ರ ಆರಂಭಕ್ಕೆ ಕೆಲಸ ಮುಗಿಯಿತು, ಪವನ ವಿದ್ಯುತ್ ತುಂಬಿ ಬಂತು. ನಮ್ಮ ಹಸಿರು ಇಂಧನ ಕಾರಿಡಾರ್ ಯೋಜನೆಯ ಹಿಂದಿರುವುದೂ ಇದೇ ಯೋಚನೆ. ಪಾವಗಡದ 2,050 ಮೆಗಾವ್ಯಾಟ್ ಪಾರ್ಕಿಗೆ ಪಕ್ಕದಲ್ಲೇ 400 ಕೆ.ವಿ. ಸ್ಟೇಷನ್ ಕಟ್ಟಿದ್ದು ಸುಮಾರು 13,000 ಎಕರೆ ಬಿಸಿಲಿಗೆ ಹೊರದಾರಿ ಕೊಡಲು.

ಈ ಪಂಥ ತೊಡರುವುದು ಸಮಯದಲ್ಲಿ. ಸೋಲಾರ್ ಪಾರ್ಕು ಒಂದೂವರೆ–ಎರಡು ವರ್ಷಕ್ಕೆ ಎದ್ದು ನಿಲ್ಲುತ್ತದೆ, ದೊಡ್ಡ ಲೈನಿಗೆ ಐದು ವರ್ಷವಾದರೂ ಹಿಡಿಯುತ್ತದೆ. 2025ರಲ್ಲಿ ರಾಜಸ್ಥಾನದಲ್ಲಿ ಲೈನು ಸಾಲದೆ ನಡು ಹಗಲಿನ ಸೌರ ವಿದ್ಯುತ್ತನ್ನು ಬಳಸದೆ ಬಿಡಬೇಕಾಯಿತು.

ಇರುವುದನ್ನೇ ಹಿಂಡಿರಿ ಎನ್ನುವವರು

ನನಗೆ ಹೆಚ್ಚು ಆಸಕ್ತಿ ಹುಟ್ಟಿಸುವುದು ಈ ಪಂಥ. ಬೇಸಿಗೆಯ 45 ಡಿಗ್ರಿ ಬಿಸಿಲು, ಗಂಟೆಗೆ ಎರಡು ಕಿ.ಮೀ. ವೇಗದ, ಇದೆಯೋ ಇಲ್ಲವೋ ಎನ್ನುವಂಥ ಗಾಳಿ: ನಮ್ಮ ಲೈನುಗಳ ಸಾಮರ್ಥ್ಯವನ್ನು ಲೆಕ್ಕ ಹಾಕುವುದು ಇಂಥ ಕೆಟ್ಟ ಮಧ್ಯಾಹ್ನವನ್ನು ಊಹಿಸಿಕೊಂಡು. ಪುಸ್ತಕದಲ್ಲಿ ಬರೆದ ಆ ಅಂಕಿ ಡಿಸೆಂಬರಿನ ರಾತ್ರಿಗೂ ಅದೇ, ಆಷಾಢದ ಗಾಳಿಗೂ ಅದೇ. ನಿಜವಾಗಿ ನೋಡಿದರೆ ಲೈನಿಗೆ ಅಡ್ಡಲಾಗಿ ಬೀಸುವ ಗಾಳಿ ತಂತಿಯನ್ನು ಎಷ್ಟು ತಣಿಸುತ್ತದೆಂದರೆ, ಅಂಥ ಹೊತ್ತಿನಲ್ಲಿ ಅದು ಇನ್ನಷ್ಟು ಕರೆಂಟನ್ನು ನೆಮ್ಮದಿಯಾಗಿ ಹೊರಬಲ್ಲದು. ಚಿತ್ರದುರ್ಗದ ಗುಡ್ಡದ ಮೇಲೆ ಫ್ಯಾನುಗಳು ಜೋರಾಗಿ ತಿರುಗುವ ಹೊತ್ತು ಮತ್ತು ಅವುಗಳ ಲೈನು ತಣ್ಣಗಿರುವ ಹೊತ್ತು ಬಹುಮಟ್ಟಿಗೆ ಒಂದೇ. ಪ್ರಕೃತಿಯೇ ಕೊಟ್ಟ ಈ ರಿಯಾಯಿತಿಯನ್ನು ನಾವು ಪಡೆಯುತ್ತಿಲ್ಲ.

ತಂತಿಗೆ ಸೆನ್ಸರ್ ಕಟ್ಟಿ, ಗಾಳಿ, ತಾಪ, ಜೋಲು ನೋಡಿ ಗಂಟೆಗೆ ತಕ್ಕಂತೆ ಸಾಮರ್ಥ್ಯ ನಿಗದಿ ಮಾಡುವುದಕ್ಕೆ ‘ಡೈನಮಿಕ್ ಲೈನ್ ರೇಟಿಂಗ್’ ಎನ್ನುತ್ತಾರೆ. ಬೆಲ್ಜಿಯಂ ಇದನ್ನು ಮೊದಮೊದಲು ಬಳಸಿದ ದೇಶಗಳಲ್ಲಿ ಒಂದು. ಅಮೆರಿಕದ ಕೇಂದ್ರ ಇಂಧನ ನಿಯಂತ್ರಣ ಆಯೋಗ 2021ರ ಡಿಸೆಂಬರಿನಲ್ಲಿ, ಹೊರಗಿನ ತಾಪಮಾನಕ್ಕೆ ತಕ್ಕಂತೆಯಾದರೂ ಅಂಕಿ ಬದಲಾಗಲೇಬೇಕು ಎಂದು ಆದೇಶಿಸಿತು. ಅದೇ ದೇಶದಲ್ಲಿ 2003ರ ಆಗಸ್ಟ್ 14ರಂದು ಓಹಾಯೊದ ಲೈನುಗಳು ಕಾದು, ಜೋತು, ಕಡಿಯದೆ ಬಿಟ್ಟಿದ್ದ ಮರಗಳಿಗೆ ತಾಗಿ, ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಕೂತಿದ್ದರು. ಸೆನ್ಸರ್ ಬರೀ ಹೆಚ್ಚು ಹೊರಿಸಲು ಇರುವ ಉಪಾಯ ಎಂದುಕೊಳ್ಳಬಾರದು. ಯಾವಾಗ ಕಡಿಮೆ ಹೊರಿಸಬೇಕು ಎಂಬುದನ್ನೂ ಅದು ಹೇಳುತ್ತದೆ.

ಎರಡನೇ ಉಪಾಯ ತಂತಿಯನ್ನೇ ಬದಲಿಸುವುದು. ಮಾಮೂಲಿ ಲೈನಿನಲ್ಲಿ ಉಕ್ಕಿನ ಎಳೆಗಳ ಸುತ್ತ ಅಲ್ಯುಮಿನಿಯಂ ಎಳೆ ಹೊಸೆದಿರುತ್ತಾರೆ. ಒಳಗಿನ ಉಕ್ಕಿನ ಬದಲು ಕಾರ್ಬನ್ ನಾರಿನ ಅಥವಾ ವಿಶೇಷ ಮಿಶ್ರಲೋಹದ ತಿರುಳಿಟ್ಟರೆ ತಂತಿ ಕಾದರೂ ಹೆಚ್ಚು ಜೋಲುವುದಿಲ್ಲ. ಅದೇ ಟವರುಗಳ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟು ಹರಿಸಬಹುದು. ನಗರದ ಸುತ್ತಮುತ್ತ ಹೊಸ ಟವರಿಗೆ ಜಾಗ ಸಿಗದ ಕಡೆ ಇದು ವರ. ಆದರೆ ಕರೆಂಟು ಇಮ್ಮಡಿಯಾದರೆ ಸೋರಿಕೆ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ಶಾಖದ ಮಿತಿ ಸಡಿಲವಾದರೂ ಉದ್ದ ಲೈನುಗಳ ವೋಲ್ಟೇಜು, ಸ್ಥಿರತೆಯ ಮಿತಿ ಹಾಗೆಯೇ ಉಳಿಯುತ್ತದೆ. ಅಲ್ಲಿಗೆ ಬೇಕಾದ ಮದ್ದು ಬೇರೆ. ಭಾರತ ಮೂಲದ, ಅಮೆರಿಕದಲ್ಲಿ ಕೆಲಸ ಮಾಡಿದ ನರೈನ್ ಹಿಂಗೋರಾಣಿ ಪರಿಚಯಿಸಿದ ‘ಫ್ಯಾಕ್ಟ್ಸ್’ ತಂತ್ರ, ಅಂದರೆ ಅರೆವಾಹಕ ಸ್ವಿಚ್ಚುಗಳಿಂದ ಲೈನಿನ ಹರಿವನ್ನೂ ವೋಲ್ಟೇಜನ್ನೂ ಕ್ಷಣಕ್ಷಣಕ್ಕೆ ತಿದ್ದುವ ವಿದ್ಯೆ, ಆ ಮದ್ದುಗಳಲ್ಲೊಂದು. ಅರುಣ್ ಫಡ್ಕೆ ಮತ್ತು ಸಂಗಡಿಗರು ವರ್ಜೀನಿಯಾ ಟೆಕ್‌ನಲ್ಲಿ 1988ರಲ್ಲಿ ರೂಪಿಸಿದ ಫೇಸರ್ ಮಾಪಕ ಇನ್ನೊಂದು. ದೂರದೂರದ ಸ್ಟೇಷನ್ನುಗಳ ನಾಡಿಯನ್ನು ಒಂದೇ ಗಡಿಯಾರಕ್ಕೆ ಕಟ್ಟಿ ನೋಡುವುದು ಇದರಿಂದ ಸಾಧ್ಯವಾಯಿತು.

ಇಷ್ಟು ಅಗ್ಗದ ದಾರಿಗಳಿದ್ದೂ ಯಾಕೆ ಹಿಂದುಳಿದಿವೆ? ಉತ್ತರ ತಂತ್ರಜ್ಞಾನದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ನಿಯಂತ್ರಣದಲ್ಲಿರುವ ಪ್ರಸರಣ ಕಂಪನಿಗೆ ಲಾಭ ಸಿಗುವುದು ತಾನು ಹೂಡಿದ ಬಂಡವಾಳದ ಮೇಲೆ. ನಮ್ಮಲ್ಲಿ ಕೇಂದ್ರ ಆಯೋಗ ಒಪ್ಪಿದ ಪ್ರತಿಫಲ ಈಕ್ವಿಟಿಯ ಮೇಲೆ ಶೇ 15ರ ಆಸುಪಾಸು. ನೂರು ಕೋಟಿಯ ಲೈನು ಕಟ್ಟಿದವರಿಗೆ ಸಿಗುವಷ್ಟು, ಒಂದು ಕೋಟಿಯ ಸೆನ್ಸರಿನಿಂದ ಅದೇ ಕೆಲಸ ಮುಗಿಸಿದವರಿಗೆ ಸಿಗುವುದಿಲ್ಲ. ಅವರ್ಚ್ ಮತ್ತು ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಅರವತ್ತು ವರ್ಷ ಕಳೆದರೂ ನಿಯಂತ್ರಕರು ಇದಕ್ಕೆ ಪೂರ್ತಿ ಪರಿಹಾರ ಕಂಡುಕೊಂಡಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ತಂತಿ ಬದಲಿಸಲು, ವೋಲ್ಟೇಜು ಏರಿಸಲು ಲೈನನ್ನು ಕೆಲಕಾಲ ಬಂದ್ ಮಾಡಬೇಕಾಗುತ್ತದೆ. 2012ರ ಜುಲೈನಲ್ಲಿ ಬಿನಾ–ಗ್ವಾಲಿಯರ್ ನಡುವಿನ ಎರಡು 400 ಕೆ.ವಿ. ಲೈನುಗಳಲ್ಲಿ ಒಂದನ್ನು ನಿಲ್ಲಿಸಿದ್ದು 765ಕ್ಕೆ ಏರಿಸುವ ಕೆಲಸಕ್ಕಾಗಿ. ಅದರ ಹೊರೆಯೂ ಇನ್ನೊಂದರ ಹೆಗಲೇರಿತು. ಆ ಲೈನಿನಲ್ಲಿ ತಂತಿ ಹರಿಯಲಿಲ್ಲ, ಶಾರ್ಟ್ ಆಗಲಿಲ್ಲ. ಅದರ ರಕ್ಷಣಾ ರಿಲೇ ವಿಪರೀತ ಹೊರೆಯನ್ನೇ ದೋಷ ಎಂದು ತಿಳಿದು ಲೈನನ್ನು ಕಡಿದುಹಾಕಿತು. ಸಾಮರ್ಥ್ಯ ಹೆಚ್ಚಿಸಲು ಹೊರಟ ಕೆಲಸವೇ ದೇಶದ ಅತಿ ದೊಡ್ಡ ಕತ್ತಲೆಗೆ ಬಾಗಿಲು ತೆರೆಯಿತು.

ಬೆಲೆಯ ಬಾರುಕೋಲು

ಮೂರನೇ ಪಂಥದವರು ತಂತಿಯ ಕಡೆ ನೋಡುವುದೇ ಇಲ್ಲ, ಅವರ ಕಣ್ಣು ಬಿಲ್ಲಿನ ಮೇಲೆ. ಇವರ ದೊಡ್ಡ ಗೆಲುವು ನಮ್ಮ ಕಣ್ಣೆದುರೇ ನಡೆದಿದೆ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನ ಫ್ರೀಕ್ವೆನ್ಸಿ, ಅಂದರೆ ಅದರ ತಾಳ, 50 ಹರ್ಟ್ಸ್ ಬಿಟ್ಟು 48ರ ಆಸುಪಾಸಿನಲ್ಲಿ ತೆವಳುವ ದಿನಗಳಿದ್ದವು. ಪ್ರತಿ ರಾಜ್ಯವೂ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುತ್ತಿತ್ತು, ಬೈಗುಳಕ್ಕೆ ಯಾರೂ ಬಗ್ಗುತ್ತಿರಲಿಲ್ಲ. ಭಾನು ಭೂಷಣ್ ಅವರ ಹೆಸರಿನೊಂದಿಗೆ ಬೆಸೆದಿರುವ ‘ಲಭ್ಯತೆ ಆಧಾರಿತ ದರ’ 2003ರ ಜನವರಿಯಲ್ಲಿ ದಕ್ಷಿಣಕ್ಕೆ ಬಂತು. ಫ್ರೀಕ್ವೆನ್ಸಿ ಇಳಿದ ಹೊತ್ತಿನಲ್ಲಿ ಹೆಚ್ಚುವರಿ ಎಳೆದುಕೊಂಡರೆ ದುಬಾರಿ ದಂಡ, ಆ ಹೊತ್ತಿಗೆ ಗ್ರಿಡ್ಡಿಗೆ ಕೊಟ್ಟರೆ ಅಷ್ಟೇ ಲಾಭ. ಹೊಸ ಟವರೊಂದನ್ನೂ ನಿಲ್ಲಿಸದೆ ಗ್ರಿಡ್ ಸ್ವಸ್ಥವಾಯಿತು. ಈಗ ನಿಯಮ ಒಪ್ಪುವ ಮೇರೆ 49.90ರಿಂದ 50.05 ಮಾತ್ರ.

ಬೆಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಲೈನು ಎಲ್ಲಿ ಸಾಲದು ಎಂದು ಬೆರಳಿಟ್ಟು ತೋರಿಸುತ್ತದೆ. ರಾಯಚೂರು–ಸೊಲ್ಲಾಪುರ ಬೆಸುಗೆಗೆ ಮುಂಚೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಕ್ಷಿಣದ ಖರೀದಿದಾರರು ಉತ್ತರದವರಿಗಿಂತ ಬಹಳ ಹೆಚ್ಚಿನ ದರ ತೆರುತ್ತಿದ್ದರು. ದಾರಿಗಳು ಹೆಚ್ಚಾದಂತೆ ಆ ಅಂತರ ಕರಗಿತು. ಆದರೆ ಬೆಲೆ ತಾನಾಗಿ ಟವರ್ ನೆಡುವುದಿಲ್ಲ. ಕರೆಂಟು ಒಪ್ಪಂದದ ಕಾಗದ ಓದಿಕೊಂಡೂ ಹರಿಯುವುದಿಲ್ಲ. ಒಡಿಶಾದಿಂದ ಕೇರಳಕ್ಕೆ ಮಾರಿದ ವಿದ್ಯುತ್ತು ಆಂಧ್ರ, ಕರ್ನಾಟಕ, ತಮಿಳುನಾಡಿನ ಎಲ್ಲ ಲೈನುಗಳಲ್ಲೂ ತನಗೆ ಸಲೀಸಾದಷ್ಟು ಹರಡಿಕೊಂಡೇ ಹೋಗುತ್ತದೆ. ಹಾಗಾದರೆ ಬಾಡಿಗೆ ಯಾರಿಗೆ, ಎಷ್ಟು? 2011ರಿಂದ ಈಚೆಗೆ ಲೆಕ್ಕದ ಸೂತ್ರ ಹಲವು ಸಲ ಬದಲಾಗಿದೆ. 2023ರ ಅಕ್ಟೋಬರಿನಿಂದ ‘ಸಾಮಾನ್ಯ ಜಾಲ ಪ್ರವೇಶ’ ಎಂಬ ಹೊಸ ಪದ್ಧತಿ ಜಾರಿಯಲ್ಲಿದೆ. ಸೌರ, ಪವನ ವಿದ್ಯುತ್ತಿಗೆ ಅಂತರರಾಜ್ಯ ಸಾಗಣೆ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದ್ದ ರಿಯಾಯಿತಿ, 2025ರ ಜೂನ್ 30ರ ನಂತರ ಶುರುವಾಗುವ ಯೋಜನೆಗಳಿಗೆ ಹಂತಹಂತವಾಗಿ ಇಳಿಯುತ್ತದೆ. ದೂರ ಸಾಗಿಸುವುದು ಪುಕ್ಕಟೆ ಎನಿಸಿದಾಗ ಎಲ್ಲರೂ ರಾಜಸ್ಥಾನಕ್ಕೇ ಓಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಸಾಗಿಸುವುದೇ ಬೇಡ ಎನ್ನುವವರು

ನಾಲ್ಕನೇ ಪಂಥದವರು ಕೇಳುವುದು ಇಷ್ಟು: ಮನೆಯ ತಾರಸಿಯಲ್ಲೇ ಸೌರಫಲಕ, ಫೀಡರಿನ ಬುಡದಲ್ಲೇ ಬ್ಯಾಟರಿ, ಪಂಪ್‌ಸೆಟ್ಟಿಗೆ ಹಗಲಲ್ಲೇ ತ್ರೀ ಫೇಸ್. ಬಿಸಿಲು ಇರುವಾಗ ನೀರೆತ್ತಿದರೆ ರಾತ್ರಿಯ ಹೊರೆ ಇಳಿಯುತ್ತದೆ, ಹಾವಿನ ಭಯದಲ್ಲಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವುದೂ ತಪ್ಪುತ್ತದೆ. ಈ ಕೊನೆಯದು ಯಾವ ಸಾಮರ್ಥ್ಯ ಅಧ್ಯಯನದಲ್ಲೂ ಲೆಕ್ಕಕ್ಕೆ ಬರುವುದಿಲ್ಲ, ಬರಬೇಕಿತ್ತು.

ಈ ವಾದದಲ್ಲಿ ಸತ್ಯವಿದೆ. ಆದರೆ ಬೆಂಗಳೂರಿನ ಬಹುಮಹಡಿ ಕಟ್ಟಡದ ತಾರಸಿ ಅದರ ಲಿಫ್ಟು, ಎ.ಸಿ.ಗಳ ಹಸಿವನ್ನು ನೀಗುವುದಿಲ್ಲ. ದೊಡ್ಡ ಸಂಗ್ರಹ ಬೇಕೆಂದಾಗ ಮತ್ತೆ ಘಟ್ಟಕ್ಕೇ ಹೋಗುತ್ತೇವೆ. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಕಾಡಿನ ಕಾರಣಕ್ಕೆ ವಿವಾದದಲ್ಲಿದೆ. ಅದು ಕಟ್ಟಿ ಮುಗಿದರೂ ಅಲ್ಲಿಂದ ತಾಳಗುಪ್ಪಕ್ಕೆ 400 ಕೆ.ವಿ. ಲೈನು ಬೇಕೇ ಬೇಕು.

ಟವರ್ ನಿಂತ ನೆಲ

ನಾಲ್ಕೂ ಪಂಥಗಳ ನಕ್ಷೆಯಲ್ಲಿ ಲೈನು ಒಂದು ಗೆರೆ, ನೆಲದ ಮೇಲೆ ಅದೊಂದು ಪಟ್ಟಿ. 46 ಮೀಟರ್ ಅಗಲವೆಂದರೆ ಪ್ರತಿ ಕಿ.ಮೀ.ಗೆ ಹನ್ನೊಂದು ಎಕರೆಗೂ ಹೆಚ್ಚು. ಭೂಮಿ ರೈತನ ಹೆಸರಲ್ಲೇ ಉಳಿಯುತ್ತದೆ. ಆದರೆ ಅದರಲ್ಲಿ ತೆಂಗು, ಅಡಿಕೆ ಬೆಳೆಯುವಂತಿಲ್ಲ, ಮನೆ ಕಟ್ಟುವಂತಿಲ್ಲ. ಹೀಗೆ ಹೊಲದ ಮೇಲೆ ಲೈನು ಎಳೆಯುವ ಅಧಿಕಾರದ ಬೇರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಟೆಲಿಗ್ರಾಂ ಸತ್ತ ಮೇಲೂ ಅದರ ಕಾನೂನು ಟವರಿನ ರೂಪದಲ್ಲಿ ಹೊಲದಲ್ಲಿ ನಿಂತಿತ್ತು. ಪರಿಹಾರದ ಮಾರ್ಗಸೂಚಿ ಬಂದಿದ್ದು 2015ರಲ್ಲಿ. ಟವರಿನ ಬುಡಕ್ಕೆ ಭೂಮಿ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15. 2024ರ ಜೂನ್‌ನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಅಡಿಕೆ ತೋಟದ ಯಜಮಾನನಿಗೆ ಆಗುವ ನಷ್ಟ ಬುಡದ್ದಕ್ಕಿಂತ ಪಟ್ಟಿಯದ್ದೇ ಹೆಚ್ಚು. ಹಾಗಾಗಿ ಹೊಸ ಅಂಕಿಯೂ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ.

ಕೊಡಗಿನ ಕಾಡು, ಕಾಫಿ ತೋಟಗಳನ್ನು ಸೀಳಿ ಹೋದ ಮೈಸೂರು–ಕೋಯಿಕ್ಕೋಡ್ ಲೈನಿನ ಕಹಿ ಇನ್ನೂ ಆರಿಲ್ಲ. ಉಡುಪಿ–ಕಾಸರಗೋಡು 400 ಕೆ.ವಿ. ಲೈನಿಗೆ ದಕ್ಷಿಣ ಕನ್ನಡದ ಕೃಷಿಕರು ಅಡ್ಡ ನಿಂತರು. ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಘಟ್ಟ ಇಳಿಯಬೇಕಿದ್ದ ಲೈನಿಗೆ, ಈಗಿರುವ 220 ಕೆ.ವಿ. ಲೈನಿನ ಜಾಡನ್ನೇ ಬಳಸಿ ಎಂದು ಸುಪ್ರೀಂ ಕೋರ್ಟಿನ ಉನ್ನತಾಧಿಕಾರ ಸಮಿತಿ 2021ರಲ್ಲಿ ಸಲಹೆ ಕೊಟ್ಟಿತು. ಹಳೆಯ ದಾರಿಯನ್ನೇ ಅಗಲಿಸುವ ಈ ಯೋಚನೆ ‘ಹಿಂಡಿರಿ’ ಎನ್ನುವವರ ವಾದಕ್ಕೆ ಕಾಡಿನ ಕಡೆಯಿಂದ ಬಂದ ಬೆಂಬಲ.

ನೆಲದೊಳಗೆ ಕೇಬಲ್ ಹಾಕಿ ಎಂಬುದು ಸುಲಭವಾಗಿ ಕೇಳಿಬರುವ ಸಲಹೆ. ಪುಗಲೂರಿನಿಂದ ತ್ರಿಶ್ಶೂರಿಗೆ ಹೋಗುವ 2,000 ಮೆಗಾವ್ಯಾಟ್ ಡಿ.ಸಿ. ಲೈನು ಕೇರಳದಲ್ಲಿ ಸುಮಾರು 27 ಕಿ.ಮೀ. ನೆಲದೊಳಗೇ ಸಾಗುತ್ತದೆ. ಮನೆಯ ಪಕ್ಕ ಮನೆ ಇರುವ ಆ ಸೀಮೆಯಲ್ಲಿ ಬೇರೆ ದಾರಿ ಇರಲಿಲ್ಲ. ಡಿ.ಸಿ.ಗೆ ಇದು ಆಗುತ್ತದೆ. ಎ.ಸಿ. ಕೇಬಲ್ ಮಾತ್ರ ಉದ್ದವಾದಂತೆ ತನ್ನನ್ನು ತುಂಬಿಸಿಕೊಳ್ಳಲೇ ಕರೆಂಟನ್ನು ನುಂಗತೊಡಗುತ್ತದೆ. ಜರ್ಮನಿ ಜನರ ವಿರೋಧಕ್ಕೆ ಮಣಿದು ಉತ್ತರ–ದಕ್ಷಿಣದ ಸ್ಯೂಡ್‌ಲಿಂಕ್ ಡಿ.ಸಿ. ಲೈನನ್ನು ಪೂರ್ತಿ ನೆಲದೊಳಗೆ ಹಾಕಲು ಹೊರಟಿತು. 2022ಕ್ಕೆ ಮುಗಿಯಬೇಕಿದ್ದದ್ದು 2028ಕ್ಕೆ ಹೋಗಿದೆ. ನಮ್ಮಲ್ಲಿ ಎರ್ಲಡ್ಡು ಹಕ್ಕಿ ತಂತಿಗೆ ಬಡಿದು ಸಾಯುತ್ತದೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ ರಾಜಸ್ಥಾನ, ಗುಜರಾತಿನ ಲೈನುಗಳನ್ನು ನೆಲದೊಳಗೆ ಹಾಕಲು ಹೇಳಿತು. 2024ರ ಮಾರ್ಚಿನಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಬಳ್ಳಾರಿಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದೂ ಅದೇ ಹಕ್ಕಿ.

ಇನ್ನೂ ಇತ್ಯರ್ಥವಾಗದ್ದು

ಹಳೆಯ ಗ್ರಿಡ್ಡಿಗೆ ಒಂದು ಗುಟ್ಟಿನ ಆಸರೆ ಇತ್ತು: ಶರಾವತಿ, ರಾಯಚೂರುಗಳಲ್ಲಿ ತಿರುಗುವ ಟನ್‌ಗಟ್ಟಲೆ ಉಕ್ಕಿನ ಜಡತೆ. ಎಲ್ಲಾದರೂ ಎಡವಟ್ಟಾದರೆ ಆ ಭಾರ ಕೆಲವು ಸೆಕೆಂಡು ಕಾಲಾವಕಾಶ ಕೊಡುತ್ತಿತ್ತು. ಸೋಲಾರ್ ಇನ್ವರ್ಟರಿಗೆ ತಿರುಗುವ ಭಾರವಿಲ್ಲ. ಅದು ಗ್ರಿಡ್ಡಿನ ತಾಳ ಕೇಳಿ ಹೆಜ್ಜೆ ಹಾಕುತ್ತದೆ, ತಾಳ ಕೊಡುವುದಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದಾಗ ಎಲ್ಲರೂ ಮೊದಲು ಜಡತೆಯ ಕೊರತೆಯತ್ತ ಬೆರಳು ತೋರಿಸಿದರು. ತನಿಖೆಯಲ್ಲಿ ಎದ್ದು ಕಂಡಿದ್ದು ವೋಲ್ಟೇಜು ಹತೋಟಿ ತಪ್ಪಿ ಏರುತ್ತ ಸ್ಥಾವರಗಳು ಒಂದರ ಹಿಂದೊಂದು ಕಳಚಿಕೊಂಡದ್ದು. ತಾಳ ಕೊಡಬಲ್ಲ ಹೊಸ ಬಗೆಯ ಇನ್ವರ್ಟರುಗಳನ್ನು ನಂಬಿ ಒಂದು ಇಡೀ ದೇಶದ ಗ್ರಿಡ್ ಓಡಿಸಬಹುದೇ ಎಂಬುದು ತೀರ್ಮಾನವಾಗಿಲ್ಲ.

ದಕ್ಷಿಣವನ್ನು ಬೆಸೆದದ್ದರ ಲೆಕ್ಕವೂ ಪೂರ್ತಿ ಮುಗಿದಿಲ್ಲ. ಬೆಲೆ ಸಮವಾಯಿತು, ಬರಗಾಲದ ವರ್ಷಗಳಲ್ಲಿ ಹೊರಗಿನ ಕರೆಂಟು ಸಿಕ್ಕಿತು. ಮೇಲಿನ ಕೆರೆಯ ಏರಿ ಒಡೆದರೆ ನಮ್ಮದನ್ನು ಕ್ಷಣದಲ್ಲಿ ಬೇರ್ಪಡಿಸಿ ಉಳಿಸಿಕೊಳ್ಳುವ ಏರ್ಪಾಡುಗಳು ಕಾಗದದ ಮೇಲೆ, ಅಭ್ಯಾಸಗಳಲ್ಲಿ ಇವೆ. 2012ರಷ್ಟು ದೊಡ್ಡ ಪರೀಕ್ಷೆ ಅವಕ್ಕೆ ಇನ್ನೂ ಎದುರಾಗಿಲ್ಲ.

ಮುಂಚೆಯೇ ಕಟ್ಟಿದ ಲೈನಿಗೆ ಗಿರಾಕಿ ಬಾರದಿದ್ದರೆ ಖರ್ಚು ಯಾರ ತಲೆಗೆ ಎಂಬುದಕ್ಕೆ ಟೆಕ್ಸಸ್ ಉತ್ತರ ಕೊಡುವುದಿಲ್ಲ, ಅಲ್ಲಿ ಗಿರಾಕಿ ಬಂದರು. ಬ್ಯಾಟರಿಯ ಬೆಲೆ ಈಗಿನಂತೆ ಇಳಿಯುತ್ತ ಹೋದರೆ ಈಗ ಯೋಜಿಸಿದ ಲೈನುಗಳಲ್ಲಿ ಎಷ್ಟು ವ್ಯರ್ಥವಾದಾವು ಎಂಬ ಲೆಕ್ಕದಲ್ಲಿ ಯೋಜನಾಕಾರರಲ್ಲೇ ಒಮ್ಮತವಿಲ್ಲ. ಬಿಸಿಗಾಳಿಯ ದಿನಗಳು ಹೆಚ್ಚಿದರೆ 45 ಡಿಗ್ರಿಯ ಹಳೆಯ ಊಹೆಯೂ ಸಾಲದಾಗಬಹುದು. ಆಗ ಪುಸ್ತಕದ ಅಂಕಿಯನ್ನು ಇಳಿಸಬೇಕು, ಅದೂ ಎಲ್ಲರೂ ಎ.ಸಿ. ಹಾಕುವ ಮಧ್ಯಾಹ್ನಕ್ಕೇ.

ಆ ದಿನ ಹುಣಸೆ ಮರದ ಕೆಳಗಿನಿಂದ ಏಳುವಾಗ ಯಜಮಾನರು ಕೇಳಿದರು: “ಇದ್ರಾಗೆ ಈಗ ಎಷ್ಟು ಕರೆಂಟ್ ಓಯ್ತಾ ಐತೆ ಅಂತ ಯಾರಿಗಾದ್ರೂ ಗೊತ್ತಿರ್ತದಾ ಸಾ?” ಬೆಂಗಳೂರಿನ ಆನಂದರಾವ್ ವೃತ್ತದ ಪಕ್ಕದ ಲೋಡ್ ಡಿಸ್ಪ್ಯಾಚ್ ಕೇಂದ್ರದ ಪರದೆಯಲ್ಲಿ ಅದು ಆ ಕ್ಷಣಕ್ಕೆ ಕಾಣುತ್ತಿರುತ್ತದೆ ಎಂದೆ. ಇನ್ನೂ ಎಷ್ಟು ಹೋಗಬಹುದಿತ್ತು ಎಂಬುದು ಮಾತ್ರ ಆ ಪರದೆಯಲ್ಲಿ ಇರಲಾರದು ಎಂದು ಅವರಿಗೆ ಹೇಳಲಿಲ್ಲ.